45, 58, 70 ಸಿಸಿ: ಬಲ ಹೆಗಲು ಬರೆಸಿದ ವಿಮರ್ಶೆ

ಚೈನ್ ಸಾ ತೆಗೆದುಕೊಳ್ಳುವವರು ಮೊದಲು ಕೇಳುವುದು ಒಂದೇ ಮಾತು. ಎಷ್ಟು ಸಿಸಿ? ನಾನೂ ಅದನ್ನೇ ಕೇಳಿದ್ದೆ. ಈಗ ಯಾರಾದರೂ ನನ್ನ ಹತ್ತಿರ ವಿಚಾರಿಸಲು ಬಂದರೆ ನಾನು ತಿರುಗಿ ಕೇಳುವುದು ಬೇರೆ. ನಿಮ್ಮ ಹೆಗಲು ಹೇಗಿದೆ ಮಾರಾಯ್ರೆ?

ನನಗೆ ಪ್ರಾಯ 57. ಹಿರಿಯಡ್ಕದಿಂದ ಸ್ವಲ್ಪ ಒಳಗೆ ಎರಡೂವರೆ ಎಕರೆ ಅಡಿಕೆ ತೋಟ, ಅಂಚಿನಲ್ಲಿ ತೆಂಗು, ಮೇಲಿನ ಗುಡ್ಡದಲ್ಲಿ ಅಕೇಶಿಯಾ, ಒಂದಷ್ಟು ಗಾಳಿ ಮರ. ನಾನು ಮರದ ಕಂಟ್ರಾಕ್ಟರ್ ಅಲ್ಲ. ಬಿದ್ದದ್ದನ್ನು ತುಂಡು ಮಾಡುವುದು, ಸುಳಿ ಹೋದ ತೆಂಗು ತೆಗೆಯುವುದು, ಮಳೆಗಾಲಕ್ಕೆ ಬಚ್ಚಲ ಒಲೆಗೆ ಸೌದೆ ಮಾಡುವುದು, ಇಷ್ಟೇ ಕೆಲಸ. ವರ್ಷಕ್ಕೆ ಹೆಚ್ಚೆಂದರೆ 40 ದಿನ ಮಿಷನ್ ಹೊರಗೆ ಬರುತ್ತದೆ. ದಿನಾ ಮರ ಕೊಯ್ದೇ ಜೀವನ ಮಾಡುವವರ ಲೆಕ್ಕ ಬೇರೆ, ಅವರು ಇದನ್ನು ಓದಿ ನಗಬಹುದು.

ಮೊದಲು ತಂದದ್ದು 58 ಸಿಸಿ, 2018ರಲ್ಲಿ. ಹೆಸರು ಬೇಡ. ಅದಕ್ಕೆ ಹೆಸರೇ ಇಲ್ಲ ಅಂದರೂ ಸರಿಯೇ, ಒಂದೇ ಮಿಷನ್ ಹತ್ತು ಬಣ್ಣದಲ್ಲಿ ಹತ್ತು ಸ್ಟಿಕ್ಕರ್ ಅಂಟಿಸಿಕೊಂಡು ಬರುತ್ತದೆ. ಬೆಲೆ ಎಂಟು ಸಾವಿರ ಚಿಲ್ಲರೆ. 22 ಇಂಚಿನ ಬಾರ್, ಅಂದರೆ ಚೈನ್ ಸುತ್ತುವ ಉದ್ದದ ಪಟ್ಟಿ. ಅಂಗಡಿಯವರು ಹೇಳಿದ್ದು ಇನ್ನೂ ಕಿವಿಯಲ್ಲಿ ಉಂಟು: "ದೊಡ್ಡ ಕಂಪನಿಯದ್ದು 45 ಸಿಸಿಗೆ ಮೂವತ್ತು ಸಾವಿರ ಹತ್ತಿರ ಹೋಗ್ತದೆ. ಇದು 58. ಲೆಕ್ಕ ನೀವೇ ಹಾಕಿ ಸಾರ್." ಹಾಕಿದೆ. ಲೆಕ್ಕದಲ್ಲಿ ನಾನು ಶಾಲೆಯಲ್ಲೂ ಹಿಂದೆಯೇ.

ಸುಳ್ಳು ಹೇಳಬಾರದು, ಎರಡು ತಿಂಗಳು ಚೆನ್ನಾಗಿಯೇ ಕೊಯ್ದಿತು. ತೊಂದರೆ ಇದ್ದದ್ದು ಸ್ಟಾರ್ಟ್ ಮಾಡಲು ಎಳೆಯುವ ಹಗ್ಗದಲ್ಲಿ. ತಣ್ಣಗಿರುವಾಗ ಹತ್ತು ಸಲ ಎಳೆಯಬೇಕು. ಬಿಸಿಯಾದ ಮೇಲೆ ನಿಲ್ಲಿಸಿದರೆ ಇಪ್ಪತ್ತು ಸಲ. ಜೊತೆಗೆ ಒಂದು ಕೆಟ್ಟ ಬುದ್ಧಿ. ಅರ್ಧ ಎಳೆದಾಗ ಪಿಸ್ಟನ್ ತಡೆದು ಹಗ್ಗವನ್ನು ವಾಪಸ್ ಜಗ್ಗುತ್ತಿತ್ತು. ಕಟ್ಟಿದ ಕರು ಹಗ್ಗ ಜಗ್ಗುವ ಹಾಗೆ. ಒಂದು ಬೆಳಿಗ್ಗೆ ಹಟ್ಟಿಯ ಮಾಡಿನ ಮೇಲೆ ಹಲಸಿನ ಕೊಂಬೆ ಬಿದ್ದಿತ್ತು. ಕೆಳಗೆ ದನ ಕೂಗುತ್ತಿದೆ, ಮೇಲೆ ಹೆಂಚು ಜಾರುತ್ತಿದೆ, ನಾನು ಹಗ್ಗ ಎಳೆಯುತ್ತಿದ್ದೇನೆ. ಎಷ್ಟು ಸಲ ಎಳೆದೆನೋ ಗೊತ್ತಿಲ್ಲ. ಕೊನೆಯ ಸಲ ಅದು ವಾಪಸ್ ಜಗ್ಗಿದಾಗ ಹೆಗಲಿನಲ್ಲಿ ಕಟಕ್ ಅಂತ ಕೇಳಿಸಿತು. ಕೊಂಬೆಯನ್ನು ಕೊನೆಗೆ ಕೊಡಲಿಯಲ್ಲೇ ಕಡಿದದ್ದು, ಅದೂ ಪಕ್ಕದ ಮನೆಯವರು ಬಂದು.

ಎರಡು ತಿಂಗಳು ಬಲಗೈ ತಲೆಯಿಂದ ಮೇಲೆ ಹೋಗಲಿಲ್ಲ. ಅಂಗಿ ಹಾಕಿಕೊಳ್ಳಲು ಹೆಂಡತಿ ಬೇಕಾಯಿತು. ಫಿಸಿಯೋಥೆರಪಿ, ಎಣ್ಣೆ, ಉಡುಪಿಗೆ ಓಡಾಟ ಎಲ್ಲ ಸೇರಿಸಿದರೆ ಮಿಷನ್ನಿನ ಬೆಲೆ ದಾಟಿತು. ಅದನ್ನು ರಿಪೇರಿಗೆ ಕೊಟ್ಟರೆ ಅವರು ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿ ತೋರಿಸಿದರು. ಅಂಥ ಸಿಟ್ಟು ನನಗೆ ಬೇರೆ ಯಾವ ವಸ್ತುವಿನ ಮೇಲೂ ಬಂದದ್ದಿಲ್ಲ.

2019ರಲ್ಲಿ ಹಲ್ಲು ಕಚ್ಚಿ ದುಡ್ಡು ಹಾಕಿ ಸ್ಟಿಲ್ ಕಂಪನಿಯ ಎಂಎಸ್ 250 ತಂದೆ. 45.4 ಸಿಸಿ, ಬಾರ್ ಬಿಟ್ಟು 4.6 ಕೆಜಿ. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಯಾಕೆಂದರೆ ದೂರು ಹೇಳಲು ಏನೂ ಇಲ್ಲ. ಚೋಕ್, ಸ್ಟಾರ್ಟ್, ಓಡುವುದು, ನಿಲ್ಲಿಸುವುದು ಎಲ್ಲ ಒಂದೇ ಲಿವರ್. ಹೆಬ್ಬೆರಳಿನಲ್ಲೇ ಆಗುತ್ತದೆ. ಮೂರನೇ ಎಳೆತಕ್ಕೆ ಬುಸ್ ಅನ್ನುತ್ತದೆ, ನಾಲ್ಕನೆಯದಕ್ಕೆ ಓಡುತ್ತದೆ. ಆರು ವರ್ಷದಲ್ಲಿ ಒಂದು ಪ್ಲಗ್, ಎರಡು ಏರ್ ಫಿಲ್ಟರ್, ಐದಾರು ಚೈನ್. ಅಷ್ಟೇ.

ಆಮೇಲೆ 2021ರ ಮೇ ತಿಂಗಳು, ತೌಕ್ತೆ ಚಂಡಮಾರುತ. ಕಡಲ ಬದಿಯಲ್ಲಿ ಆದ ಹಾನಿ ನಮ್ಮಲ್ಲಿ ಆಗಲಿಲ್ಲ, ಆದರೆ ಗಾಳಿಗೆ ಅಜ್ಜನ ಕಾಲದ ಹಲಸು ಬೇರು ಸಮೇತ ಮಗುಚಿ ತೋಟದ ದಾರಿಗೆ ಅಡ್ಡ ಬಿತ್ತು. ಬುಡ ಎರಡೂವರೆ ಅಡಿ ದಪ್ಪ. 18 ಇಂಚಿನ ಬಾರ್ ಹಿಡಿದು ಆ ಬದಿಯಿಂದ ಅರ್ಧ, ಈ ಬದಿಯಿಂದ ಅರ್ಧ. ಮಿಷನ್ನಿನ ತಪ್ಪಲ್ಲ, ಅದರ ಅಳತೆಯ ಮರ ಅದಲ್ಲ. ನಾನು ಅದನ್ನು ಒತ್ತುತ್ತಿದ್ದೆ. ಒತ್ತಿದರೆ ಮತ್ತೆ ಹೆಗಲು.

ಪೆರ್ಡೂರಿನಿಂದ ಬಾವ ಬಂದರು, ಬೈಕಿನ ಹಿಂದೆ ಗೋಣಿಯಲ್ಲಿ ಸುತ್ತಿದ ಹಸ್ಕ್ವರ್ನಾ 365 ಕಟ್ಟಿಕೊಂಡು. 70 ಸಿಸಿಯದ್ದು. ನಾನು ಎರಡು ಹೆಜ್ಜೆ ಹಿಂದೆ ಹೋದೆ. 58 ಸಿಸಿ ಆ ಗತಿ ಮಾಡಿದ್ದರೆ ಇದು ಕೈಯನ್ನೇ ಕಿತ್ತುಕೊಂಡು ಹೋದೀತು ಅಲ್ವಾ?

"ಬಾವ, ಇಲ್ಲಿ ನೋಡಿ" ಎಂದು ಅವರು ಸಿಲಿಂಡರ್ ಹತ್ತಿರ ಒಂದು ಸಣ್ಣ ಗುಂಡಿ ಒತ್ತಿದರು. ಆಮೇಲೆ ಹಗ್ಗ ಎಳೆದರು, ಬಾವಿಯಿಂದ ಅರ್ಧ ಕೊಡಪಾನ ಸೇದುವಷ್ಟು ಸಲೀಸಾಗಿ. ನನ್ನ ಕೈಗೆ ಕೊಟ್ಟರು. ನಾನು ಎಳೆದೆ. ಓಡಿತು. ನಿಲ್ಲಿಸಿ ಮತ್ತೆ ಎಳೆದೆ. ಮತ್ತೆ ಓಡಿತು. ಮರ ಕೊಯ್ಯುವುದು ಬಿಟ್ಟು ಐದಾರು ಸಲ ಸುಮ್ನೆ ಸ್ಟಾರ್ಟ್ ಮಾಡುತ್ತ ನಿಂತೆ. ಬಾವ ಬೀಡಿ ಹಚ್ಚಿ ನೋಡುತ್ತಿದ್ದರು.

ಅದರ ಹೆಸರು ಡಿಕಂಪ್ರೆಷನ್ ವಾಲ್ವ್. ಗುಂಡಿ ಒತ್ತಿದರೆ ಸಿಲಿಂಡರ್‌ನಲ್ಲಿ ಒಂದು ಚಿಕ್ಕ ತೂತು ತೆರೆಯುತ್ತದೆ. ಪಿಸ್ಟನ್ ಮೇಲೆ ಬರುವಾಗ ಸ್ವಲ್ಪ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ, ಹಗ್ಗಕ್ಕೆ ತಡೆ ಕಡಿಮೆಯಾಗುತ್ತದೆ. ಇಂಜಿನ್ ಹತ್ತಿದ ಕೂಡಲೇ ಆ ಒತ್ತಡಕ್ಕೆ ಗುಂಡಿ ತಾನೇ ಮುಚ್ಚಿಕೊಳ್ಳುತ್ತದೆ. ಇಷ್ಟೇ. ಒಂದು ಗುಂಡಿ. ನನ್ನ 58 ಸಿಸಿಗೆ ಅದು ಇರಲಿಲ್ಲ, ಇರುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಹಲಸಿನ ಬುಡ ಅರ್ಧ ಗಂಟೆಯಲ್ಲಿ ತುಂಡಾಯಿತು. ಒತ್ತುವ ಕೆಲಸವೇ ಇಲ್ಲ. ದಿಮ್ಮಿಯ ಮೇಲೆ ಇಟ್ಟು ಹಿಡಿದುಕೊಂಡರೆ ತನ್ನ ಭಾರಕ್ಕೇ ಇಳಿಯುತ್ತದೆ. ನೆಲದ ಮೇಲಿನ ದಪ್ಪ ಮರಕ್ಕೆ ಸಣ್ಣ ಮಿಷನ್‌ಗಿಂತ ದೊಡ್ಡದೇ ಕಡಿಮೆ ಸುಸ್ತು ಮಾಡುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ನನಗೂ ಅಂಥದ್ದೊಂದು ಬೇಕು ಅನಿಸಿತು, ಆದರೆ ತೆಗೆದುಕೊಳ್ಳುವ ಮೊದಲು ಆರು ತಿಂಗಳು ಯೋಚಿಸಿದೆ. ಒಂದು ಕ್ವಿಂಟಾಲ್ ಚಾಲಿ ಅಡಿಕೆ ಮಾರಿದರೂ ಸಾಲದಷ್ಟು ಬೆಲೆ. ಪರಿಚಯದವರ ಸ್ಟಿಲ್ ಎಂಎಸ್ 382 ಕೂಡ ಒಂದು ದಿನ ತಂದು ಅಕೇಶಿಯಾ ಕೊಯ್ದು ನೋಡಿದೆ. ಕಾಗದದ ಮೇಲೆ ಅದೇ ಮುಂದೆ: 72.2 ಸಿಸಿ, 3.9 ಕಿಲೋವಾಟ್, 6.2 ಕೆಜಿ. 365ರದ್ದು 70.7 ಸಿಸಿ, 3.6 ಕಿಲೋವಾಟ್, 6.4 ಕೆಜಿ. ಕೊಯ್ಯುವಾಗ ನನ್ನಂಥವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಕೊನೆಗೆ 365 ತಂದದ್ದು ಯಾಕೆ ಅಂದರೆ ಬಾವನ ಹತ್ತಿರ ಅದೇ ಉಂಟು. ಚೈನ್, ಅದನ್ನು ಹರಿತ ಮಾಡುವ ಅರ, ಬಾರ್ ಅದಲುಬದಲು ಮಾಡಬಹುದು. ಬಾವ ಮಾತ್ರ ಇದು 1689ರಲ್ಲಿ ಸ್ವೀಡನ್ನಿನಲ್ಲಿ ಬಂದೂಕು ಮಾಡಲು ಹುಟ್ಟಿದ ಕಂಪನಿ, ಚೈನ್ ಸಾ ಮಾಡಲು ಇಳಿದದ್ದು 1959ರಲ್ಲಿ ಅಂತ ತಾಳಮದ್ದಳೆಯ ಅರ್ಥದ ಹಾಗೆ ಶುರುಮಾಡುತ್ತಾರೆ. ಅದಕ್ಕೂ ನನ್ನ ಹಲಸಿಗೂ ಏನು ಸಂಬಂಧವೋ.

ಈಗ ನನಗೆ ನಿಜವಾಗಿ ಖುಷಿ ಕೊಡುವ ಭಾಗ. ಕೆಲಸ ಮುಗಿಸಿ ಸ್ನಾನಕ್ಕೆ ಮೊದಲು ಜಗಲಿಯ ತುದಿಯಲ್ಲಿ ಕೂತು ಚೈನ್ ಹರಿತ ಮಾಡುವುದು. ಬಾರನ್ನು ಒಂದು ತೆಂಗಿನ ಕುತ್ತಿಯ ಸೀಳಿನಲ್ಲಿ ಸಿಕ್ಕಿಸುತ್ತೇನೆ. ಚಹಾ ಪಕ್ಕದಲ್ಲಿ. ಪ್ರತಿ ಹಲ್ಲಿಗೂ ಮೂರು ತಳ್ಳು, ಒಳಗಿನಿಂದ ಹೊರಗೆ, 30 ಡಿಗ್ರಿ ಓರೆ. ಎಲ್ಲಿಂದ ಶುರುಮಾಡಿದೆ ಅಂತ ಮರೆಯದಿರಲು ಒಂದು ಹಲ್ಲಿಗೆ ಹೆಂಡತಿಯ ಕುಂಕುಮದ ಬೊಟ್ಟು. 20 ಇಂಚಿನ ಬಾರಿಗೆ ಒಂದು ಬದಿಯ ಹಲ್ಲು 18, ಆ ಬದಿಯದ್ದು 18. ಚಹಾ ಮುಗಿಯುವಾಗ ಒಂದು ಸುತ್ತು ಮುಗಿಯುತ್ತದೆ. ಎಂಎಸ್ 250ಕ್ಕೆ 4.8 ಮಿಲಿಮೀಟರ್ ಅರ, 365ಕ್ಕೆ 5.5. ಒಮ್ಮೆ ಕತ್ತಲಲ್ಲಿ ಅದಲುಬದಲು ಮಾಡಿ ದೊಡ್ಡ ಚೈನಿಗೆ ಸಣ್ಣ ಅರ ಹಾಕಿದೆ. ಹಲ್ಲು ಗಿಳಿಯ ಕೊಕ್ಕಿನ ಹಾಗೆ ಬಾಗಿತು. ಮರುದಿನ ಮರವನ್ನು ಕಚ್ಚಿ ಎಳೆದು, ಒಂದೇ ಗಂಟೆಯಲ್ಲಿ ಮೊಂಡಾಯಿತು.

ಹರಿತ ಉಂಟೋ ಇಲ್ಲವೋ ಅಂತ ನೋಡಲು ಮಿಷನ್ ನೋಡಬೇಡಿ, ಉದುರಿದ್ದನ್ನು ನೋಡಿ. ಅವಲಕ್ಕಿಯ ಹಾಗೆ ಬಿದ್ದರೆ ಸರಿ. ಅಕ್ಕಿ ಹಿಟ್ಟಿನ ಹಾಗೆ ಬಂದರೆ ನಿಲ್ಲಿಸಿ. ತೆಂಗಿನ ಬುಡದಲ್ಲಿ ಬೇಗ ಹಿಟ್ಟಾಗುತ್ತದೆ. ಹೊರಗಿನ ಪದರವೇ ಗಟ್ಟಿ, ಅದರ ಮೇಲೆ ಮಳೆಗೆ ಸಿಡಿದ ಮಣ್ಣು, ಮರಳು. ನಾನು ಬುಡವನ್ನು ಕತ್ತಿಯಲ್ಲಿ ಕೆರೆದು, ಒಂದು ಚೊಂಬು ನೀರು ಹಾಕಿ ತೊಳೆದೇ ಚೈನ್ ಇಡುವುದು. ಹಲಸಿಗೆ ಬೇರೆ ಕಾಟ, ಮೇಣ. ಅಡುಗೆಮನೆಯ ಉಪಾಯವೇ ಇಲ್ಲಿಯೂ. ತೆಂಗಿನೆಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿದರೆ ಬಿಡುತ್ತದೆ. ಕಮಟಾದ ತೆಂಗಿನೆಣ್ಣೆಯನ್ನು ಒಮ್ಮೆ ಚೈನ್ ಎಣ್ಣೆಯ ಟ್ಯಾಂಕಿಗೇ ಹಾಕಿ ನೋಡಿದೆ, ಉಳಿತಾಯ ಅಂತ. ಡಿಸೆಂಬರಿನ ಬೆಳಿಗ್ಗೆ ಒಳಗೆ ತುಪ್ಪದ ಹಾಗೆ ಗಟ್ಟಿಯಾಗಿ ಕೂತಿತ್ತು. ಯಾರೂ ಮಾಡಬೇಡಿ.

ಪೆಟ್ರೋಲ್ ವಿಷಯ ಮಾತ್ರ ಸ್ವಲ್ಪ ತಲೆನೋವು. ಲೀಟರಿಗೆ 20 ಮಿಲಿ ಕಂಪನಿಯ ಟೂ ಸ್ಟ್ರೋಕ್ ಎಣ್ಣೆ, ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದೇ ಹಾಕುತ್ತೇನೆ. ಆದರೆ ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಸೇರಿದ್ದು. ಎಥನಾಲ್ ನೀರಿನ ಪಸೆ ಎಳೆಯುತ್ತದೆ. ನಮ್ಮ ಊರಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಇನ್ನು ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಏನಾದೀತು? ಅದಕ್ಕೆ ನನ್ನದೊಂದು ಪದ್ಧತಿ. ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ, ನಾನು 365ರ ಚೈನ್ ಬಿಚ್ಚುತ್ತೇನೆ. ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ಮುಗಿದು ತಾನೇ ನಿಲ್ಲುವವರೆಗೆ ಓಡಿಸಿ, ಒರೆಸಿ, ಒಲೆಯ ಬಿಸಿ ತಾಗುವ ಅಟ್ಟಕ್ಕೆ ಏರಿಸುವುದು. ಎಂಎಸ್ 250 ಮಾತ್ರ ಕೆಳಗೇ ಇರುತ್ತದೆ. ಆಟಿ ತಿಂಗಳ ಜೋರು ಮಳೆಯಲ್ಲಿ ಮರ ಬೀಳುವುದು ನಮ್ಮನ್ನು ಕೇಳಿಕೊಂಡು ಅಲ್ಲವಲ್ಲ. ಅದಕ್ಕೆ ವಾರಕ್ಕೊಮ್ಮೆ ಹೊಸ ಪೆಟ್ರೋಲ್ ಹಾಕಿ ಐದು ನಿಮಿಷ ಓಡಿಸುತ್ತೇನೆ.

ಇಷ್ಟು ಹೊಗಳಿದ ಮೇಲೆ 365ರ ಇನ್ನೊಂದು ಮುಖವನ್ನೂ ಹೇಳಬೇಕು. 6.4 ಕೆಜಿ ಅಂದರೆ ಬಾರ್, ಚೈನ್, ಪೆಟ್ರೋಲ್, ಎಣ್ಣೆ ಬಿಟ್ಟು. ಎಲ್ಲ ಸೇರಿದರೆ ಎಂಟು ದಾಟುತ್ತದೆ. ಗುಡ್ಡ ಹತ್ತುವಾಗ ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ. ಸೊಂಟದಿಂದ ಮೇಲಿನ ಕೊಂಬೆಗೆ ಇದನ್ನು ಎತ್ತುವುದು ನನ್ನ ಪ್ರಾಯಕ್ಕಲ್ಲ, ಯಾರಿಗೂ ಒಳ್ಳೆಯದಲ್ಲ. ಬಾರಿನ ಮೂತಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಮಿಷನ್ ಮುಖಕ್ಕೆ ಚಿಮ್ಮುತ್ತದೆ, ಇದು ಚಿಮ್ಮಿದರೆ ಹಿಡಿಯಲು ಆಗುವುದಿಲ್ಲ. ಸದ್ದು 100 ಡೆಸಿಬೆಲ್ ದಾಟುತ್ತದೆ. ಕಿವಿಗೆ ಮುಚ್ಚಳ ಇರುವ ಹೆಲ್ಮೆಟ್ ಮೊದಲು ತನ್ನಿ, ಮಿಷನ್ ಆಮೇಲೆ.

ಒಂದೇ ತೆಗೆದುಕೊಳ್ಳುವುದಾದರೆ ಯಾವುದು ಅಂತ ಬಾವನ ಮಗ ಕೇಳಿದ. ಎಂಎಸ್ 250 ಅಂದೆ. ಅವನ ತೋಟಕ್ಕೆ ಅದು ಸಾಕು, ನನ್ನದಕ್ಕೂ ನೂರರಲ್ಲಿ ಎಂಬತ್ತು ಕೆಲಸಕ್ಕೆ ಅದೇ ಸಾಕು. "ಹಾಗಾದ್ರೆ ಮಾವ, ನಿಮಗೆ ಇಷ್ಟ ಯಾವುದು?" ಅಂದ. ಅದು ಬೇರೆ ಪ್ರಶ್ನೆ. ಈ ಸಲ ಆಯುಧ ಪೂಜೆಗೆ ಎರಡನ್ನೂ ಒರೆಸಿ ಸಾಲಾಗಿ ಇಟ್ಟಿದ್ದೆ. ಸೇವಂತಿಗೆ ಕಡಿಮೆ ಇತ್ತು. ಇದ್ದದ್ದನ್ನು 365ರ ಹಿಡಿಗೆ ಸುತ್ತಿದೆ, ಆ ಗುಂಡಿಯ ಮೇಲೆ ಒಂದು ಗಂಧದ ಬೊಟ್ಟು ಇಟ್ಟೆ. ಹೆಂಡತಿ ನೋಡಿ ನಕ್ಕಳು.

58 ಸಿಸಿಯದ್ದು ಇನ್ನೂ ಹಟ್ಟಿಯ ಅಟ್ಟದಲ್ಲಿ ಉಂಟು. ಬೇಕಾದವರು ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ನನ್ನೆದುರು ಮಾತ್ರ ಸ್ಟಾರ್ಟ್ ಮಾಡಿ ನೋಡಬೇಡಿ.