ಲಾಡ್ಜಿನ ‘ಗುಪ್ತರೋಗ ತಜ್ಞ’ರ ಬಳಿ ಹೋಗುವ ಮುನ್ನ ಇದನ್ನು ಓದಿ

ಬಸ್ ನಿಲ್ದಾಣದ ಶೌಚಾಲಯದ ಗೋಡೆಗೆ ಅಂಟಿಸಿದ್ದ ಹಳದಿ ಚೀಟಿಯನ್ನು ನಂಬಿ 27 ಸಾವಿರ ರೂಪಾಯಿ ಕಳೆದುಕೊಂಡೆ. ಹಣ ಹಾಳಾಗಲಿ, ವ್ಯರ್ಥವಾದ ಹದಿನೈದು ತಿಂಗಳಲ್ಲಿ ರೋಗ ನನ್ನ ಹೆಂಡತಿಗೂ ದಾಟಿತು.

ನನಗೆ ಹೇಗೆ ಬಂತು ಎಂಬುದನ್ನು ಬಿಡಿಸಿ ಬರೆಯುವುದಿಲ್ಲ, ತಪ್ಪು ನನ್ನದೇ. ಕೆಲಸದ ಮೇಲೆ ಪರಊರಿಗೆ ಹೋಗಿ ಬಂದು ಮೂರು ವಾರವಾಗಿತ್ತು. ಶಿಶ್ನದ ಮೇಲೆ ಕಡಲೆಕಾಳಿನಷ್ಟು ಹುಣ್ಣು ಕಾಣಿಸಿತು. ಅಂಚು ಗಟ್ಟಿ, ನೋವು ಮಾತ್ರ ಒಂದಿಷ್ಟೂ ಇಲ್ಲ. ನೋವಿದ್ದಿದ್ದರೆ ಆಸ್ಪತ್ರೆಗೆ ಓಡುತ್ತಿದ್ದೆನೇನೋ. ನಮ್ಮೂರಿನ ಡಾಕ್ಟರು ಅಪ್ಪನಿಗೆ ಪರಿಚಯದವರು, ಅಲ್ಲಿಗೆ ಹೋಗಲು ಕಾಲೇ ಬರಲಿಲ್ಲ.

ಲಾಡ್ಜಿನ ಕೊಠಡಿಯಲ್ಲಿ ಕುಳಿತಿದ್ದ ‘ವೈದ್ಯರು’ ನಾಡಿ ಹಿಡಿದರೇ ಹೊರತು ಹುಣ್ಣನ್ನು ನೋಡಲಿಲ್ಲ, ರಕ್ತ ಪರೀಕ್ಷೆಯ ಮಾತೆತ್ತಲಿಲ್ಲ. “ಇನ್ನು ಸ್ವಲ್ಪ ತಡ ಮಾಡಿದ್ದರೆ ಮಕ್ಕಳ ಆಸೆ ಬಿಡಬೇಕಿತ್ತು” ಎಂದು ಹೆದರಿಸಿ, ಹೆಸರಿಲ್ಲದ ಪುಡಿ ಪೊಟ್ಟಣಗಳನ್ನು ಕೊಟ್ಟು 18 ಸಾವಿರ ತೆಗೆದುಕೊಂಡರು. ಅಂಥ ಕಡೆ ರಸೀದಿ ಕೇಳುವ ಧೈರ್ಯ ಯಾರಿಗಿರುತ್ತದೆ?

ಐದನೆಯ ವಾರಕ್ಕೆ ಹುಣ್ಣು ಮಾಯಿತು. ಫೋನ್ ಮಾಡಿ ನೀವೇ ದೇವರು ಎಂದೆ! ಒಂದು ತಿಂಗಳಾದ ಮೇಲೆ ಅಂಗೈ, ಅಂಗಾಲುಗಳಲ್ಲಿ ತಾಮ್ರದ ಬಣ್ಣದ ಮಚ್ಚೆಗಳೆದ್ದವು. ತುರಿಕೆಯಿಲ್ಲ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡಲು ನಾಚಿಕೆಯಾಗಿ ಕಂಬದ ಮರೆಯಲ್ಲಿ ನಿಂತೆ. “ಒಳಗಿನ ವಿಷ ಹೊರಗೆ ಬರುತ್ತಿದೆ, ಒಳ್ಳೆಯದೇ ಆಯಿತು” ಎಂದ ಪುಣ್ಯಾತ್ಮರು ಇನ್ನೂ 9 ಸಾವಿರದ ಪುಡಿ ಕೊಟ್ಟರು. ಮಚ್ಚೆಗಳೂ ಹೋದವು.

ಅದು ಸಿಫಿಲಿಸ್, ಹಿಂದಿನವರ ಬಾಯಲ್ಲಿ ಪರಂಗಿ ಹುಣ್ಣು. ಮದ್ದು ಕೊಟ್ಟರೂ ಕೊಡದಿದ್ದರೂ ಆ ಹುಣ್ಣು ಮೂರರಿಂದ ಆರು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ, ಮಚ್ಚೆಗಳೂ ಹಾಗೆಯೇ. ಲಾಡ್ಜಿನವರ ವ್ಯಾಪಾರ ನಡೆಯುವುದೇ ಇದರ ಮೇಲೆ. ರೋಗಾಣು ಮಾತ್ರ ಮೈಯಲ್ಲೇ ಉಳಿದಿರುತ್ತದೆ. ಚಿಕಿತ್ಸೆಯಾಗದಿದ್ದರೆ ಎಷ್ಟೋ ವರ್ಷಗಳ ಮೇಲೆ ಕೆಲವರಲ್ಲಿ ಹೃದಯವನ್ನೋ ಮಿದುಳನ್ನೋ ಹಿಡಿಯುತ್ತದೆ. ಕಣ್ಣು, ಕಿವಿಗಳಿಗಾದರೆ ಅಷ್ಟು ಕಾಲವೂ ಬೇಕಿಲ್ಲ. ಇಂಥ ರೋಗ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರಲ್ಲೇ ಕಾನೂನು ನಿಷೇಧಿಸಿದೆ. ಶೌಚಾಲಯದ ಗೋಡೆಗೆ ಹೇಳುವವರು ಯಾರು?

ಗುಟ್ಟು ರಟ್ಟಾದದ್ದು ಹೆಂಡತಿ ಗರ್ಭಿಣಿಯಾದಾಗ. ತಾಯಿ ಕಾರ್ಡ್ ಮಾಡಿಸಿದ ದಿನ ಎಲ್ಲ ಗರ್ಭಿಣಿಯರಿಗೂ ಮಾಡುವ ರಕ್ತ ಪರೀಕ್ಷೆಯಲ್ಲಿ ಸಿಫಿಲಿಸ್ ಪತ್ತೆಹಚ್ಚುವ ವಿಡಿಆರ್‌ಎಲ್ ಪಾಸಿಟಿವ್ ಬಂತು. ಅವಳಿಗೆ ಯಾವ ಲಕ್ಷಣವೂ ಕಂಡಿರಲಿಲ್ಲ. ಹೆಂಗಸರಲ್ಲಿ ಹುಣ್ಣು ಒಳಗಿದ್ದರೆ ಗೊತ್ತೇ ಆಗುವುದಿಲ್ಲವಂತೆ. ಹಾಗೇ ಬಿಟ್ಟರೆ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು ಎಂದು ಡಾಕ್ಟರು ಹೇಳುತ್ತಿದ್ದಾಗ ಅವಳು ನನ್ನ ಕಡೆ ನೋಡಲಿಲ್ಲ. ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದಳು: “ಗ್ಯಾಸ್ಟ್ರಿಕ್‌ಗೆ ಎಂದು ದಿನಾ ಬೆಳಿಗ್ಗೆ ನನ್ನ ಕೈಯಲ್ಲಿ ಜೇನುತುಪ್ಪದಲ್ಲಿ ಕಲಸಿಸಿಕೊಂಡಿರಲ್ಲ, ಆ ಪುಡಿ ಇದಕ್ಕೇನಾ?”

ಇಬ್ಬರಿಗೂ ವಾರಕ್ಕೊಮ್ಮೆಯಂತೆ ಮೂರು ವಾರ ಬೆಂಜಥೀನ್ ಪೆನಿಸಿಲಿನ್ ಕೊಟ್ಟರು. ಪ್ರತಿ ಸಲವೂ 24 ಲಕ್ಷ ಯೂನಿಟ್, ಎರಡೂ ಪೃಷ್ಠಗಳಿಗೆ ಅರ್ಧರ್ಧ. ಔಷಧ ಮಂದವಾದದ್ದು, ಚುಚ್ಚಿಸಿಕೊಂಡ ದಿನ ಕೂರಲಾಗುವುದಿಲ್ಲ. ಸಿಫಿಲಿಸ್ ಹುಣ್ಣಿದ್ದಾಗ ಎಚ್‌ಐವಿ ಅಂಟುವುದೂ ಸುಲಭವಾದ್ದರಿಂದ ಆ ಪರೀಕ್ಷೆಯನ್ನೂ ಮಾಡಿದರು, ಇಬ್ಬರಿಗೂ ನೆಗೆಟಿವ್. ಮಗಳು ಆರೋಗ್ಯವಾಗಿ ಹುಟ್ಟಿದ್ದಾಳೆ. ಹೆಂಡತಿ ಮಾತನಾಡುತ್ತಾಳೆ, ಅಗತ್ಯವಿದ್ದಷ್ಟು.

ಗುಪ್ತಾಂಗದ ಬಳಿ ಹುಣ್ಣು, ಕೀವು, ಉರಿಮೂತ್ರ ಏನೇ ಕಂಡರೂ ಜಿಲ್ಲಾಸ್ಪತ್ರೆಯ ‘ಸುರಕ್ಷಾ ಕ್ಲಿನಿಕ್’ಗೆ ಹೋಗಿ. ಅಲ್ಲಿ ಪರೀಕ್ಷೆಗೂ ಔಷಧಕ್ಕೂ ದುಡ್ಡಿಲ್ಲ. ದಾರಿ ತಿಳಿಯದಿದ್ದರೆ 1097ಕ್ಕೆ ಕರೆ ಮಾಡಿ, ಅದೂ ಉಚಿತ. ಹುಣ್ಣು ತಾನೇ ಮಾಯ್ದಿದ್ದರೂ ರಕ್ತ ಪರೀಕ್ಷೆ ಮಾಡಿಸಿ, ಸಂಗಾತಿಯನ್ನೂ ಕರೆದುಕೊಂಡು ಹೋಗಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದುಕೊಡಿ. ನಾನು ಹಾಗೆಯೇ ಮಾಡಿದೆ. ಡಾಕ್ಟರು ಓದಿ, ಚೀಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟು, “ಯಾವಾಗಿನಿಂದ?” ಎಂದಷ್ಟೇ ಕೇಳಿದರು.