"ಚಿಲ್ಡ್ರನ್ ಅಂಡ್ ಟೀನ್ ಲೈಬ್ರರಿಯನ್" ಸರ್ಟಿಫಿಕೇಟ್ ಕೋರ್ಸ್ ಅಂತ ಮೆಸೇಜ್ ಬಂದಿದ್ಯಾ? ದುಡ್ಡು ಹಾಕೋ ಮುಂಚೆ ಓದಿ

ಶಾಲೆ ಲೈಬ್ರರಿಯನ್‌ಗಳು, ಗ್ರಾಮ ಪಂಚಾಯ್ತಿ ಲೈಬ್ರರಿ ಮೇಲ್ವಿಚಾರಕರು, ಬಿ.ಲಿಬ್ (ಲೈಬ್ರರಿ ಸೈನ್ಸ್ ಪದವಿ) ಮುಗಿಸಿ ಕೆಲಸ ಹುಡುಕ್ತಿರೋರು, ನಿಮ್ಮ ವಾಟ್ಸಾಪ್ ಗ್ರೂಪಿಗೂ ಈ ಪೋಸ್ಟರ್ ಬಂದಿರುತ್ತೆ. ಮೂಲೇಲಿ ಸರ್ಕಾರದ ಲಾಂಛನದ ಥರಾನೇ ಕಾಣೋ ಒಂದು ಲೋಗೋ, ಕೆಳಗೆ ಸಾಲಾಗಿ ಐಎಸ್‌ಒ 9001, ಎಂಎಸ್‌ಎಂಇ, ನೀತಿ ಆಯೋಗ, "ಸರ್ಕಾರಿ ನೋಂದಾಯಿತ ಸಂಸ್ಥೆ". ಫೀಸು 6,500, ಪುಸ್ತಕದ ಕಿಟ್ ಬೇಕಂದ್ರೆ ಮೇಲೆ ಇನ್ನೂ 3,800. ಸಂಸ್ಥೆ ಹೆಸ್ರು ಇಲ್ಲಿ ಹಾಕ್ತಿಲ್ಲ, ಕಂಪ್ಲೇಂಟ್ ನಡೀತಿದೆ, ಅಲ್ದೆ ಇಂಥವ್ರು ನಾಳೆ ಬೋರ್ಡ್ ಬದಲಾಯಿಸ್ಕೊಂಡು ಬರ್ತಾರೆ, ಹೆಸ್ರಿಗಿಂತ ಲಕ್ಷಣ ಗೊತ್ತಿರೋದು ಮುಖ್ಯ.

ನಾನು ಚಿತ್ರದುರ್ಗ ಕಡೆ ಒಂದು ಖಾಸಗಿ ಹೈಸ್ಕೂಲಲ್ಲಿ ಲೈಬ್ರರಿಯನ್. ನಮ್ಮ ಮ್ಯಾನೇಜ್‌ಮೆಂಟಿನವ್ರು ಈ ವರ್ಷದಿಂದ ಎಲ್ಲಾ ಸ್ಟಾಫೂ ಏನಾದ್ರೊಂದು ಟ್ರೈನಿಂಗ್ ಸರ್ಟಿಫಿಕೇಟ್ ತಂದು ಫೈಲಿಗೆ ಹಾಕ್ಲೇಬೇಕು ಅಂದ್ರು, ಮ್ಯಾಥ್ಸ್ ಸೈನ್ಸ್ ಟೀಚರ್‌ಗಳಿಗೆ ಹೋಗೋಕೆ ಹತ್ತು ಕಡೆ ಇದೆ, ಲೈಬ್ರರಿಯವ್ರಿಗೆ ಅಂತ, ಅದ್ರಲ್ಲೂ ಮಕ್ಕಳ ಲೈಬ್ರರಿ ನೋಡ್ಕೊಳ್ಳೋರಿಗೆ ಅಂತ, ಕನ್ನಡದಲ್ಲಿ ಕೂತು ಕಲಿಯೋ ಕೋರ್ಸ್ ಎಲ್ಲಿದೆ ಹೇಳಿ? ಈ ಅಂಗಡಿಗಳು ಹುಟ್ಟಿರೋದೇ ಆ ಗ್ಯಾಪಲ್ಲಿ. ಸೆಕ್ರೆಟರಿಯವ್ರೇ ಪೋಸ್ಟರ್ ಫಾರ್ವರ್ಡ್ ಮಾಡಿದ್ರು, ಅರ್ಧ ಸ್ಕೂಲು ಅರ್ಧ ನಾನು ಅಂತ ಆಯ್ತು, ಫೋನಲ್ಲಿ ಒಬ್ಳು ಹುಡುಗಿ "ಮೇಡಂ ಇವತ್ತೇ ಲಾಸ್ಟ್ ಡೇಟು, ಎರಡೇ ಸೀಟ್ ಇರೋದು" ಅಂದ್ಲು. ಆ ಲಾಸ್ಟ್ ಡೇಟ್ ಈಗ್ಲೂ ಪ್ರತಿ ವಾರ ಬರ್ತಾನೇ ಇದೆ.

ಮೊದ್ಲು ಆ ಲೋಗೋಗಳ ಕಥೆ ಹೇಳ್ಬಿಡ್ತೀನಿ, ಯಾಕಂದ್ರೆ ಜನ ನಂಬೋದೇ ಅದನ್ನ. ಐಎಸ್‌ಒ 9001 ಅನ್ನೋದು ಒಂದು ಸಂಸ್ಥೆ ತನ್ನ ಕೆಲಸದ ಪ್ರಕ್ರಿಯೆನ ಹೇಗೆ ಇಟ್ಕೊಂಡಿದೆ ಅನ್ನೋದಕ್ಕೆ ಇರೋ ಮಾನದಂಡ, ಕೋರ್ಸಲ್ಲಿ ಏನು ಕಲಿಸ್ತಾರೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ, ಐಎಸ್‌ಒ ತಾನಾಗಿ ಯಾರಿಗೂ ಸರ್ಟಿಫಿಕೇಟ್ ಕೊಡೋದೂ ಇಲ್ಲ, ಕೊಡೋದು ಬೇರೆ ಏಜೆನ್ಸಿಗಳು. ಎಂಎಸ್‌ಎಂಇ ಅಂದ್ರೆ ಸಣ್ಣಪುಟ್ಟ ಉದ್ಯಮಗಳಿಗೆ ಇರೋ ಉದ್ಯಮ್ ನೋಂದಣಿ, ಆಧಾರ್ ಪ್ಯಾನ್ ಇಟ್ಕೊಂಡು ಆನ್‌ಲೈನಲ್ಲಿ ಫ್ರೀಯಾಗಿ ತಾವೇ ಘೋಷಿಸ್ಕೊಂಡು ಮಾಡೋದು, ನಮ್ಮೂರ ಬೇಕರಿಯವ್ರಿಗೂ ಸಿಗುತ್ತೆ. ನೀತಿ ಆಯೋಗ ಅಂತ ಬರ್ಕೊಂಡಿರೋದು ಸ್ವಯಂಸೇವಾ ಸಂಸ್ಥೆಗಳು ಹೆಸ್ರು ದಾಖಲಿಸೋ ಎನ್‌ಜಿಒ ದರ್ಪಣ್ ಪೋರ್ಟಲ್ಲಿನ ಐಡಿ, ಅದು ಬರೀ ಒಂದು ಗುರುತಿನ ನಂಬರು, ಮಾನ್ಯತೆ ಅಲ್ಲ. ಮೂರೂ ಸುಳ್ಳು ದಾಖಲೆ ಅಲ್ಲ ಅನ್ನೋದೇ ಇದ್ರಲ್ಲಿರೋ ಜಾಣತನ, ಪೊಲೀಸಿಗೆ ಹೋದ್ರೂ "ನಂಬರ್ ಸರಿ ಇದ್ಯಲ್ಲಮ್ಮಾ" ಅಂತಾರೆ.

ಇನ್ನು ಕ್ಲಾಸು. ಝೂಮಲ್ಲಿ ಒಬ್ರು ಸರ್ ಸ್ಲೈಡ್ ಓದ್ತಾರೆ, ಅಷ್ಟೇ. ಎರಡನೇ ಕ್ಲಾಸಲ್ಲೇ ನನಗೆ ಅನುಮಾನ ಬಂತು, ಡ್ಯೂಯಿ ವರ್ಗೀಕರಣದ (ವಿಷಯದ ಪ್ರಕಾರ ಪುಸ್ತಕಕ್ಕೆ ನಂಬರ್ ಕೊಡೋ ಪದ್ಧತಿ) ಸ್ಲೈಡಲ್ಲಿ ಕನ್ನಡದ ಮಕ್ಕಳ ಕಥೆ ಪುಸ್ತಕಗಳನ್ನ 813ಕ್ಕೆ ಹಾಕಿ ಅಂತ ಇತ್ತು! 813 ಅಂದ್ರೆ ಇಂಗ್ಲಿಷಿನ ಅಮೆರಿಕನ್ ಕಾದಂಬರಿ ಕಥೆಗಳ ನಂಬರು, ಕನ್ನಡ ಸಾಹಿತ್ಯ ಬರೋದು 894.814ರಲ್ಲಿ, ಬಿ.ಲಿಬ್ ಮಾಡಿರೋ ಯಾರಿಗಾದ್ರೂ ಗೊತ್ತಿರೋ ವಿಷ್ಯ. ಚಾಟಲ್ಲಿ ಹಾಕಿದೆ, "ಅಡ್ವಾನ್ಸ್ಡ್ ಮಾಡ್ಯೂಲಲ್ಲಿ ಬರುತ್ತೆ ಮೇಡಂ" ಅಂದ್ರು. ಆಮೇಲೆ ಗೊತ್ತಾಗಿದ್ದು, ಯಾವ್ದೋ ಅಮೆರಿಕದ ಪಬ್ಲಿಕ್ ಲೈಬ್ರರಿಯವ್ರ ಸ್ಲೈಡುಗಳನ್ನ ಮೆಷಿನ್‌ಗೆ ಕೊಟ್ಟು ಕನ್ನಡ ಮಾಡ್ಸಿ ಇಟ್ಟಿದ್ದಾರೆ. ಹದಿಹರೆಯದವ್ರ ವಿಭಾಗ ಅಂತ ಬಂದಿದ್ದು ಬೀನ್ ಬ್ಯಾಗು, ಗೇಮಿಂಗ್ ಕನ್ಸೋಲು, ಶುಕ್ರವಾರ ರಾತ್ರಿ ಪಿಜ್ಜಾ. ಪುಸ್ತಕಕ್ಕೆ ಲೆಕ್ಸೈಲ್ ಲೆವೆಲ್ ನೋಡಿ ಸ್ಟಿಕರ್ ಅಂಟಿಸಿ ಅಂದ್ರು, ಲೆಕ್ಸೈಲು ಇಂಗ್ಲಿಷ್ ಓದನ್ನ ಅಳೆಯೋಕೆ ಅಂತ ಹುಟ್ಟಿದ್ದು, ಒತ್ತಕ್ಷರ ಕಷ್ಟ ಅಂತ ನಿಲ್ಸೋ ನಮ್ಮ ಮಗೂಗೆ ಅದ್ಯಾವ ಲೆವೆಲ್ಲು?

ಒಬ್ರು ಮೇಲ್ವಿಚಾರಕರು ಚಾಟಲ್ಲಿ ಒಂದು ಪ್ರಶ್ನೆ ಹಾಕಿದ್ರು, ನನ್ನ ಪ್ರಕಾರ ಇಡೀ ಕೋರ್ಸಲ್ಲಿ ಕೇಳಿದ ಒಂದೇ ಒಂದು ಕೆಲಸದ ಮಾತು ಅದು. "ಸರ್, ಪುಸ್ತಕ ಕಳೆದ್ರೆ ನಮ್ಮ ಕೈಯಿಂದ ಕಟ್ಟಿಸ್ತಾರೆ ಅನ್ನೋ ಭಯಕ್ಕೆ ಬೀರುಗೆ ಬೀಗ ಹಾಕಿಡ್ತೀವಿ, ಮಕ್ಕಳಿಗೆ ಮನೇಗೆ ಕೊಡೋದು ಹೇಗೆ?" ಹರಿದಿದ್ದು ಕಳೆದಿದ್ದು ರೈಟ್ ಆಫ್ ಮಾಡೋದು (ಲೆಕ್ಕದಿಂದ ತೆಗೆಯೋದು) ಹೇಗೆ, ಯಾರ ಹತ್ರ ಸಹಿ ಹಾಕಿಸ್ಬೇಕು, ವರ್ಷಕ್ಕೆ ಎಷ್ಟು ಹೋದ್ರೆ ಸಹಜ, ಇದನ್ನ ಹೇಳಿಕೊಟ್ರೆ ಸಾಕು ಕಣ್ರೀ ಅರ್ಧ ಬೀರು ಬೀಗ ತೆಗೀತವೆ. ಸರ್ ಕೊಟ್ಟ ಉತ್ತರ: "ಪಾಸಿಟಿವ್ ಮೈಂಡ್‌ಸೆಟ್ ಇಟ್ಕೊಳ್ಳಿ".

ಇನ್ನೊಂದು ವಿಷ್ಯ ನನಗೆ ನಿಜಕ್ಕೂ ಸಿಟ್ಟು ತರಿಸಿದ್ದು. ಒಂಬತ್ತನೇ ಹತ್ತನೇ ಕ್ಲಾಸಿನ ಮಕ್ಕಳು ಲೈಬ್ರರಿಗೆ ಬರೀ ಓದೋಕೆ ಬರಲ್ಲ, ಕ್ಲಾಸಲ್ಲಿ ಹೇಳೋಕಾಗದ್ದನ್ನ ನಮ್ಮ ಟೇಬಲ್ ಹತ್ರ ನಿಂತು ಹೇಳ್ತಾರೆ. ಪೋಕ್ಸೋ ಕಾಯ್ದೆ 2012ರ ಸೆಕ್ಷನ್ 19 ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆಗ್ಲಿ ಪೊಲೀಸಿಗೆ ತಿಳಿಸ್ಲೇಬೇಕು, ಸುಮ್ನಿದ್ರೆ ನಮ್ಮ ಮೇಲೇ ಕೇಸು. 1098 ಮಕ್ಕಳ ಸಹಾಯವಾಣಿ ಇದೆ. ಹದಿಹರೆಯದವ್ರ ಜೊತೆ ಕೆಲಸ ಮಾಡೋರಿಗೆ ಅಂತ ನಡೆಸೋ ಕೋರ್ಸಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ, ಕೇಳಿದ್ರೆ "ಅದು ಕೌನ್ಸೆಲರ್ ಕೆಲಸ". ನಮ್ಮ ಕಡೆ ಎಷ್ಟು ಸ್ಕೂಲಲ್ಲಿ ಕೌನ್ಸೆಲರ್ ಇದ್ದಾರೆ ಸ್ವಾಮಿ?

ಸ್ಟಡಿ ಮೆಟೀರಿಯಲ್ ಅಂತ ಡ್ರೈವ್ ಲಿಂಕ್ ಕೊಟ್ರು. "ನಮ್ಮ ಸಂಸ್ಥೆಯ ಎಕ್ಸ್‌ಕ್ಲೂಸಿವ್ ಕಥಾ ಸಂಗ್ರಹ". ತೆಗೆದು ನೋಡಿದ್ರೆ ಪ್ರಥಮ್ ಬುಕ್ಸ್ ಪ್ರಕಾಶನದವ್ರ ಸ್ಟೋರಿವೀವರ್ ಅನ್ನೋ ಸೈಟಿನ ಕಥೆಗಳು! 2015ರಿಂದ ಯಾರ್ ಬೇಕಾದ್ರೂ ಫ್ರೀಯಾಗಿ ಇಳಿಸ್ಕೊಳ್ಳೋ ಹಾಗೆ ಇರೋವು, ಕನ್ನಡದಲ್ಲೂ ರಾಶಿ ಇವೆ. ಅಲ್ಲಿ ಪ್ರತಿ ಪುಸ್ತಕದ ಕೊನೇಲಿ ಬರೆದವ್ರು, ಚಿತ್ರ ಬಿಡಿಸಿದವ್ರು, ಅನುವಾದ ಮಾಡಿದವ್ರ ಹೆಸ್ರು, ಸಿಸಿ ಬೈ 4.0 ಲೈಸೆನ್ಸ್ ಎಲ್ಲಾ ಇರುತ್ತೆ. ಇವ್ರು ಆ ಪುಟಾನೇ ಕಿತ್ತು ಹಾಕಿ ಪ್ರತಿ ಪೇಜಿಗೂ ತಮ್ಮ ವಾಟರ್‌ಮಾರ್ಕ್ ಹೊಡೆದಿದ್ದಾರೆ, ಒಂದೊಂದು ಪಿಡಿಎಫಲ್ಲಿ ಆನೆ ಮುಖದ ಮೇಲೇ ಇವ್ರ ಫೋನ್ ನಂಬರು. ಆ ಲೈಸೆನ್ಸಲ್ಲಿ ದುಡ್ಡಿಗೆ ಮಾರೋಕೂ ಅವಕಾಶ ಇದೆ, ಆದ್ರೆ ಮಾಡಿದವ್ರ ಹೆಸ್ರು ಹಾಕ್ಲೇಬೇಕು, ಹೆಸ್ರು ಅಳಿಸಿದ್ರೆ ಲೈಸೆನ್ಸ್ ಮುರಿದಂಗೆ. ಇನ್ನೊಂದು ಫೈಲು, "ಅಂತಾರಾಷ್ಟ್ರೀಯ ಕೈಪಿಡಿ", ಲೈಬ್ರರಿಗಳ ಅಂತಾರಾಷ್ಟ್ರೀಯ ಒಕ್ಕೂಟ ಇಫ್ಲಾ 2018ರಲ್ಲಿ ತಂದ 0ಯಿಂದ 18 ವರ್ಷದವ್ರ ಲೈಬ್ರರಿ ಸೇವೆಯ ಮಾರ್ಗಸೂಚಿ. ಅದೂ ಅವ್ರ ಸೈಟಲ್ಲಿ ಫ್ರೀ.

ಕಿಟ್ಟಿನ ಡಬ್ಬಿ ಬಂತು. ಎಲ್‌ಕೆಜಿ ಮಕ್ಕಳ ಎಬಿಸಿಡಿ ಪುಸ್ತಕ, ಬಣ್ಣ ಹಚ್ಚೋ ಪುಸ್ತಕ, ಒಂದೇ ನೀತಿಕಥೆ ಪುಸ್ತಕದ ಮೂರು ಕಾಪಿ, ಹೈಸ್ಕೂಲ್ ಮಕ್ಕಳು ಓದೋದು ಒಂದೂ ಇಲ್ಲ. ಬಿಲ್ಲು ನೋಡಿ ನನ್ನ ತಮ್ಮ (ಅಕೌಂಟ್ಸ್ ಕೆಲಸ ಅವ್ನದು) ನಗೋಕೆ ಶುರು ಮಾಡ್ದ. ಪುಸ್ತಕಕ್ಕೆ ಬೇರೆ ಸಾಲು ಹಾಕಿ 18% ಜಿಎಸ್‌ಟಿ ಹಿಡ್ದಿದ್ದಾರೆ. "ಅಕ್ಕಾ, ಪ್ರಿಂಟೆಡ್ ಬುಕ್ಸಿಗೆ ಜಿಎಸ್‌ಟೀನೇ ಇಲ್ಲ ಕಣೇ, ಮಕ್ಕಳ ಚಿತ್ರದ ಪುಸ್ತಕಕ್ಕೂ ಇಲ್ಲ" ಅಂತ ಹೇಳಿ ಬಿಲ್ಲಿನ ನಂಬರನ್ನ ಜಿಎಸ್‌ಟಿ ಪೋರ್ಟಲ್ಲಲ್ಲಿ ಹಾಕಿದ್ರೆ ಬಂದಿದ್ದು ಯಾವ್ದೋ ಪ್ಲೈವುಡ್ ಅಂಗಡಿ.

ನಮ್ಮ ಪಕ್ಕದೂರಿನ ಪಂಚಾಯ್ತಿ ಲೈಬ್ರರಿ ನೋಡ್ಕೊಳ್ಳೋ ಹುಡುಗಿದು ಇನ್ನೂ ಬೇಜಾರು. 2019ರಲ್ಲಿ ಪಂಚಾಯ್ತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ್ಮೇಲೆ, 2020ರಲ್ಲಿ "ಓದುವ ಬೆಳಕು" ಅನ್ನೋ ಸರ್ಕಾರಿ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ ಆದ್ಮೇಲೆ ಅವ್ಳ ಹತ್ರ ಮಕ್ಕಳು ತುಂಬ್ಕೊಂಡಿರ್ತಾರೆ, ಕೆಲಸದಲ್ಲಿ ಚುರುಕು. ಅವ್ಳಿಗೆ "ಈ ಸರ್ಟಿಫಿಕೇಟ್ ಇದ್ರೆ ಪರ್ಮನೆಂಟ್ ಆಗುತ್ತೆ, ಕೇಂದ್ರೀಯ ವಿದ್ಯಾಲಯಕ್ಕೂ ಹಾಕ್ಬೋದು" ಅಂತ ಹೇಳಿ ದುಡ್ಡು ಕಟ್ಟಿಸ್ಕೊಂಡಿದ್ದಾರೆ, ಪೂರ್ತಿ ಅವ್ಳ ಕೈಯಿಂದ. ಕೇಂದ್ರೀಯ ವಿದ್ಯಾಲಯದ ಲೈಬ್ರರಿಯನ್ ಹುದ್ದೆಗೆ ಕೇಳೋದು ಲೈಬ್ರರಿ ಸೈನ್ಸ್ ಪದವಿ, ಇಲ್ಲಾಂದ್ರೆ ಡಿಗ್ರಿ ಜೊತೆ ಮಾನ್ಯತೆ ಇರೋ ಸಂಸ್ಥೆಯ ಒಂದು ವರ್ಷದ ಡಿಪ್ಲೊಮಾ. ಈ ಕಾಗದ ಅಲ್ಲಿ ನಡೆಯಲ್ಲ. ದೂರಶಿಕ್ಷಣದಲ್ಲೇ ಬೇಕಂದ್ರೆ ಮೈಸೂರಿನ ಮುಕ್ತ ವಿವಿ ಇದೆ, ಇಗ್ನೋ ಇದೆ. ಕಟ್ಟೋ ಮುಂಚೆ ಆ ಕೋರ್ಸಿಗೆ ಆ ವರ್ಷ ಯುಜಿಸಿ ಅನುಮತಿ ಇದ್ಯಾ ಅಂತ ಯುಜಿಸಿ ಸೈಟಲ್ಲೇ ನೋಡ್ಕೊಳ್ಳಿ.

ನಾನು ದುಡ್ಡು ವಾಪಸ್ ಕೇಳಿದ್ದಕ್ಕೆ "ಡಿಜಿಟಲ್ ಪ್ರಾಡಕ್ಟು, ನೋ ರಿಫಂಡ್" ಅಂದ್ರು. 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣೀಲಿ ದೂರು ದಾಖಲಿಸಿದ ಮೇಲೆ ದನಿ ಬದಲಾಯ್ತು, ಅರ್ಧ ಕೊಡ್ತೀವಿ, ಗೂಗಲ್ ರಿವ್ಯೂ ತೆಗೀರಿ ಅಂತ. ತೆಗೆದಿಲ್ಲ. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ, 2019ರ ಕಾಯ್ದೆ ಪ್ರಕಾರ ಸಂಸ್ಥೆ ಎಲ್ಲೇ ಇರ್ಲಿ ನಾವಿರೋ ಜಿಲ್ಲೆಯಲ್ಲೇ ಕೇಸ್ ಹಾಕ್ಬೋದು, ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ರೆ ಕೋರ್ಟ್ ಫೀಸೂ ಇಲ್ಲ, ವಕೀಲ್ರು ಇರ್ಲೇಬೇಕು ಅಂತೇನಿಲ್ಲ.

ಹಂಗಾದ್ರೆ ನಿಜವಾಗ್ಲೂ ಕಲೀಬೇಕು ಅನ್ನೋರು ಏನು ಮಾಡ್ಬೇಕು ಅಂತ ಕೇಳ್ತೀರ. ಮಕ್ಕಳ ಪುಸ್ತಕ, ಲೈಬ್ರರಿ ಕೆಲಸ ಮಾಡೋ ಟಾಟಾ ಟ್ರಸ್ಟ್ಸಿನ ಪರಾಗ್ ಅವ್ರದ್ದು ಲೈಬ್ರರಿ ಎಜುಕೇಟರ್ಸ್ ಕೋರ್ಸ್ ಅಂತ ಇದೆ, ತಿಂಗಳುಗಟ್ಟಲೆ ನಡೆಯುತ್ತೆ, ಅಸೈನ್‌ಮೆಂಟ್ ಇರುತ್ತೆ, ಸುಮ್ನೆ ಕೂತ್ಕೊಂಡ್ರೆ ಪಾಸಾಗಲ್ಲ. ಆದ್ರೆ ಹಿಂದಿ ಇಂಗ್ಲಿಷಲ್ಲಿ, ಅದೇ ನಮ್ಮವ್ರಿಗೆ ತೊಡಕು. ಎನ್‌ಬಿಟಿಯವ್ರ (ನ್ಯಾಷನಲ್ ಬುಕ್ ಟ್ರಸ್ಟ್) ರಾಷ್ಟ್ರೀಯ ಇ-ಪುಸ್ತಕಾಲಯ ಆ್ಯಪಲ್ಲಿ ವಯಸ್ಸಿನ ಪ್ರಕಾರ ಪುಸ್ತಕ ಜೋಡಿಸಿದ್ದಾರೆ, ಫ್ರೀ. ಸ್ಟೋರಿವೀವರಲ್ಲಿ ಓದೋ ಮಟ್ಟ ನಾಲ್ಕು ಮಾಡಿದ್ದಾರೆ, ಲೆಕ್ಸೈಲ್ ಗಿಕ್ಸೈಲ್ ಬಿಟ್ಟು ಅದನ್ನೇ ಹಿಡ್ಕೊಂಡು ನಿಮ್ಮ ಬೀರು ಜೋಡಿಸಿ ನೋಡಿ. ಹದಿಹರೆಯದವ್ರಿಗೆ ಅಂತ ಕನ್ನಡದಲ್ಲಿ ಸರಿಯಾಗಿ ಕೂತು ಮಾಡಿದ ಒಂದು ಪುಸ್ತಕಪಟ್ಟಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ, ಯಾರ ಹತ್ರಾದ್ರೂ ಇದ್ರೆ ದಯವಿಟ್ಟು ಕಾಮೆಂಟಲ್ಲಿ ಹಾಕಿ.

ಇವ್ರಿಗೆ ಈಗಾಗ್ಲೇ ದುಡ್ಡು ಕಟ್ಟಿರೋರು ಯುಪಿಐ ಸ್ಕ್ರೀನ್‌ಶಾಟು, "ಪರ್ಮನೆಂಟ್ ಆಗುತ್ತೆ" ಅಂತ ಅವ್ರು ಕಳಿಸಿರೋ ವಾಯ್ಸ್ ಮೆಸೇಜು ಡಿಲೀಟ್ ಮಾಡ್ಬೇಡಿ, ಕಿಟ್ ಜೊತೆ ಬಂದ ಬಿಲ್ಲು ಬಿಸಾಕ್ಬೇಡಿ. ಬಿಲ್ ಮೇಲಿರೋ ಜಿಎಸ್‌ಟಿ ನಂಬರ್ ಮಾತ್ರ ನನಗೆ ಮೆಸೇಜ್ ಮಾಡಿ, ಎಲ್ಲರಿಗೂ ಅದೇ ಪ್ಲೈವುಡ್ ಅಂಗಡೀನಾ, ಬೇರೇನಾ ಅಂತ ನನ್ನ ತಮ್ಮ ಪಟ್ಟಿ ಮಾಡ್ತಿದ್ದಾನೆ, ಆಯೋಗಕ್ಕೆ ದೂರಿನ ಜೊತೆ ಲಗತ್ತಿಸೋಕೆ.