ಮಾಟುಂಗಾದ ಇಡ್ಲಿ: ಅಪ್ಪನ ತೀರ್ಪು, ನನ್ನ ತೀರ್ಪು

ಕಳೆದ ಚಳಿಗಾಲದಲ್ಲಿ ಅಪ್ಪ ಕುಂದಾಪುರದಿಂದ ಬಂದು ಮುಂಬಯಿಯ ವಡಾಲಾದ ನಮ್ಮ ಮನೆಯಲ್ಲಿ ಒಂದು ತಿಂಗಳು ಉಳಿದಿದ್ದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಇದೇ ಮುಂಬಯಿಗೆ ಬಂದು, ಫೋರ್ಟ್ ಕಡೆಯ ಒಂದು ಹೋಟೆಲಿನಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆಯಾದ ಮೇಲೆ ಕನ್ನಡ ರಾತ್ರಿ ಶಾಲೆಯಲ್ಲಿ ಕುಳಿತು ಹತ್ತನೆಯ ತರಗತಿ ಪಾಸು ಮಾಡಿದವರು ಅವರು. ಹೋಟೆಲ್ ತಿಂಡಿಯ ಬಗ್ಗೆ ಅವರದೊಂದು ನಿಯಮವಿದೆ: ಹೆಸರು ತಂದುಕೊಟ್ಟ ತಿಂಡಿಯನ್ನು ತಿಂದು ಹೋಟೆಲನ್ನು ಅಳೆಯಬಾರದು. "ಮೊದಲು ಬರೀ ಇಡ್ಲಿ ತಿನ್ನು. ಆಮೇಲೆ ಚಟ್ನಿ, ಆಮೇಲೆ ಸಾರು, ಕೊನೆಗೆ ಕಾಫಿ. ಈ ನಾಲ್ಕರಲ್ಲಿ ಭಟ್ಟರ ಕೈ ತಿಳಿಯದಿದ್ದರೆ ಇನ್ನು ಯಾವುದರಲ್ಲೂ ತಿಳಿಯುವುದಿಲ್ಲ" ಎನ್ನುತ್ತಾರೆ.

ಮಾಟುಂಗಾ ನನಗೆ ಒಂದೇ ನಿಲ್ದಾಣದ ದೂರ. ಹಾರ್ಬರ್ ಗಾಡಿ ಹಿಡಿದರೆ ಮುಂದಿನದೇ ಕಿಂಗ್ಸ್ ಸರ್ಕಲ್. ಹದಿನೆಂಟು ವರ್ಷಗಳಿಂದ ಅಲ್ಲಿ ತಿನ್ನುತ್ತಿದ್ದೇನೆ, ಆದರೆ ಆಯಾ ದಿನದ ಮನಸ್ಸಿನಂತೆ: ಒಂದು ದಿನ ಒಂದು ಕಡೆ ಶಿರಾ, ಮತ್ತೊಂದು ದಿನ ಮತ್ತೊಂದು ಕಡೆ ದೋಸೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿರಲಿಲ್ಲ. ಅಪ್ಪ ಜೊತೆಗಿದ್ದುದರಿಂದ ಈ ಸಲ ತೂಗಿದೆವು. ನಾಲ್ಕು ತಿಂಡಿ ಹೋಟೆಲುಗಳು, ಪ್ರತಿಯೊಂದಕ್ಕೂ ಎರಡೆರಡು ಸಲ, ಅದೂ ವಾರದ ದಿನಗಳಲ್ಲಿ ಮಾತ್ರ. ಭಾನುವಾರದ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತವರಿಗೆ ಯಾವ ಇಡ್ಲಿಯೂ ರುಚಿಸುತ್ತದೆ. ಆ ಹಸಿವಿನ ತೀರ್ಪನ್ನು ನಂಬುವಂತಿಲ್ಲ. ಎಲ್ಲೆಡೆ ಕೇಳಿದ್ದೂ ಒಂದೇ: ಒಂದು ತಟ್ಟೆ ಇಡ್ಲಿ, ಸಾರಿನಲ್ಲಿ ಮುಳುಗಿಸಿದ ವಡೆ, ಕಾಫಿ. ಅದು ಮುಗಿದ ಮೇಲೆ ಆ ಹೋಟೆಲಿನ ಸ್ವಂತದ್ದು ಎನ್ನುವ ಒಂದು ತಿಂಡಿ.

ಮೊದಲು ರಾಮ್ ಆಶ್ರಯ. 1939ರಲ್ಲಿ ಆರಂಭವಾದ ಹೋಟೆಲು, ಸೆಂಟ್ರಲ್ ರೈಲ್ವೆಯ ಮಾಟುಂಗಾ ನಿಲ್ದಾಣದಿಂದ ಪೂರ್ವಕ್ಕೆ ಇಳಿದರೆ ಕೂಗಳತೆಯಲ್ಲಿದೆ. ಬೆಳಿಗ್ಗೆ ಐದಕ್ಕೇ ಬಾಗಿಲು ತೆರೆಯುತ್ತದೆ. ನಾವು ಐದೂವರೆಗೆ ಹೋದಾಗ ಹೊರಗೆ ಇನ್ನೂ ಕತ್ತಲು, ಒಳಗೆ ಮಾತ್ರ ಹಗಲಿನಂಥ ಗದ್ದಲ. ನಮ್ಮ ಮೇಜಿನ ಇನ್ನೆರಡು ಕುರ್ಚಿಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಒಬ್ಬರು, ಕ್ಯಾನ್ವಾಸ್ ಶೂ ಹಾಕಿಕೊಂಡು ನಡೆಯಲು ಹೊರಟ ಅಜ್ಜ ಒಬ್ಬರು. ಕುಳಿತ ನಾಲ್ಕನೆಯ ನಿಮಿಷಕ್ಕೆ ಇಡ್ಲಿ ಬಂತು. ಅಪ್ಪ ಅದನ್ನು ಮುಟ್ಟುವ ಮೊದಲು ನೀರಿನ ಲೋಟವನ್ನು ದೀಪದ ಕಡೆಗೆ ಎತ್ತಿ ಅಂಚನ್ನು ನೋಡಿದರು. ಐವತ್ತು ವರ್ಷಗಳ ಹಿಂದಿನ ಕೆಲಸ ಅವರ ಕಣ್ಣಿನಲ್ಲಿ ಹಾಗೆಯೇ ಉಳಿದಿದೆ. ಲೋಟ ಪಾಸಾಯಿತು. ಇಡ್ಲಿಯನ್ನು ಬೆರಳಿನಿಂದ ಒತ್ತಿದರೆ ತಗ್ಗು ಬಿದ್ದು, ಬೆರಳು ತೆಗೆದೊಡನೆ ಮೇಲೆದ್ದಿತು. ಬಾಯಲ್ಲಿ ಸಣ್ಣ ತರಿ ಸಿಗುತ್ತದೆ, ಹುಳಿ ಹದವಾಗಿದೆ. ಏನನ್ನೂ ಅದ್ದಿಕೊಳ್ಳದೆ ಒಂದನ್ನು ಪೂರ್ತಿ ತಿನ್ನಬಹುದಾದ ಇಡ್ಲಿ ಅದು, ಹಾಗೆಯೇ ತಿಂದೆ.

ಇಲ್ಲಿ ಹೆಚ್ಚಿನವರು ಬರುವುದು ಶಿರಾಕ್ಕಾಗಿ. ನಮ್ಮ ಕಡೆ ಕೇಸರಿಬಾತು ಎನ್ನುವ ಅದೇ ತಿಂಡಿ. ಆದರೆ ಇಲ್ಲಿ ಹಣ್ಣು ಬದಲಾದಂತೆ ಶಿರಾವೂ ಬದಲಾಗುತ್ತದೆ. ಅನಾನಸಿನದು ಹೆಸರುವಾಸಿ. ರವೆ ತುಪ್ಪದಲ್ಲಿ ಹುರಿದು ಬಿಡಿಬಿಡಿಯಾಗಿ ನಿಂತಿತ್ತು, ಹಣ್ಣಿನ ತುಂಡುಗಳು ಹಲ್ಲಿಗೆ ಸಿಗುತ್ತಿದ್ದವು. ಅದರ ಜೊತೆಗೆ ಅರ್ಧ ತಟ್ಟೆ ಉಪ್ಪಿಟ್ಟು ತೆಗೆದುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಒಂದು ತುತ್ತು ಖಾರ, ಒಂದು ತುತ್ತು ಸಿಹಿ. ಈ ಜೋಡಿಯನ್ನು ಬೆಂಗಳೂರಿನವರು ಚೌಚೌಬಾತ್ ಎಂದು ಕರೆಯುತ್ತಾರೆ, ಇಲ್ಲಿ ಅದಕ್ಕೆ ಹೆಸರಿಲ್ಲ, ರುಚಿ ಇದೆ.

ಕೆಫೆ ಮದ್ರಾಸ್ ಕಿಂಗ್ಸ್ ಸರ್ಕಲ್ ಬದಿಯಲ್ಲಿದೆ. ಹೆಸರು ಮದ್ರಾಸಿನದು, ಮನೆತನ ಕಾಮತರದು, 1940ರಿಂದ ನಡೆಯುತ್ತಿದೆ. ಸೋಮವಾರ ರಜೆ. ರಾಮ್ ಆಶ್ರಯದಲ್ಲಿ ತಿಂದು ಏಳುವುದು ರೂಢಿ, ಇಲ್ಲಿ ತಿನ್ನಲೆಂದೇ ಊರಿನ ಬೇರೆ ಬೇರೆ ಮೂಲೆಗಳಿಂದ ಜನ ಬರುತ್ತಾರೆ, ಹೊರಗೆ ಹೆಸರು ಬರೆಸಿ ಕಾಯುತ್ತಾರೆ. ಹಾಗಾಗಿ ಒಳಗಿನ ಹವೆಯೇ ಬೇರೆ: ಬೋರಿವಲಿಯಿಂದ ಬಂದ ಗುಜರಾತಿ ಕುಟುಂಬ, ಕಾಲೇಜಿನ ಹುಡುಗಿಯರ ಗುಂಪು, ತಟ್ಟೆ ಬಂದಾಗ ಒಂದು ಸಂಭ್ರಮ. ಇಡ್ಲಿ ನನ್ನ ಬಾಯಿಗೆ ರಾಮ್ ಆಶ್ರಯದ್ದಕ್ಕಿಂತ ಮೃದು, ತರಿ ಕಡಿಮೆ. ಅಪ್ಪನಿಗೆ ಆ ತರಿಯೇ ಬೇಕು. ಕರಾವಳಿಯ ಮನೆಗಳಲ್ಲಿ ಉದ್ದನ್ನು ಮಾತ್ರ ನುಣ್ಣಗೆ ರುಬ್ಬಿ ಅಕ್ಕಿಯ ತರಿ ಬೆರೆಸುವವರ ಕೈಯಲ್ಲಿ ಬೆಳೆದವರಿಗೆ ನುಣುಪು ಇಡ್ಲಿ ಅಪೂರ್ಣ ಎನ್ನಿಸುತ್ತದೆ. ಆದರೆ ಸಾರಿನಲ್ಲಿ ಈ ಹೋಟೆಲು ಗೆದ್ದಿತು. ವಡೆ ಸಾರನ್ನು ಹೀರಿಕೊಂಡೂ ಒಡೆಯದೆ ನಿಂತಿತ್ತು, ಮೆಣಸು ಗಂಟಲಿನವರೆಗೆ ಇಳಿಯಿತು. ಅಪ್ಪ ಬಟ್ಟಲನ್ನು ಎತ್ತಿ ಕುಡಿದರು, ಇನ್ನೊಂದು ಬಟ್ಟಲು ಕೇಳಿದರು. ಅವರು ಎರಡನೆಯ ಬಾರಿ ಕೇಳಿದ್ದನ್ನು ನಾನು ಆ ತಿಂಗಳಿನಲ್ಲಿ ನೋಡಿದ್ದು ಅಲ್ಲಿ ಮಾತ್ರ.

ಆ ಹೋಟೆಲಿನ ಸ್ವಂತದ್ದೆಂದು ನಾನು ರಾಗಿ ದೋಸೆಯನ್ನು ಆರಿಸಿದೆ. ಅಂಚು ಗರಿಗರಿ, ನಡುವೆ ರಾಗಿಯ ಆ ಮಣ್ಣಿನ ಪರಿಮಳ. ಮೈಸೂರು, ಹಾಸನ ಕಡೆಯವರು ಮನೆಯ ರಾಗಿ ರೊಟ್ಟಿಯನ್ನು ನೆನಪಿಸಿಕೊಂಡು ಇದನ್ನು ತಿಂದರೆ ಹೋಲಿಕೆ ಸಿಗುವುದಿಲ್ಲ. ಇದು ದೋಸೆಯಾಗಿಯೇ ಚೆನ್ನ. ಪುಡಿ ಇಡ್ಲಿಯನ್ನು ಪಕ್ಕದ ಮೇಜಿನಲ್ಲಿ ಎಲ್ಲರೂ ತರಿಸಿಕೊಳ್ಳುತ್ತಿದ್ದರು. ತುಪ್ಪ, ಪುಡಿ ಸೇರಿದರೆ ಇಡ್ಲಿಯ ಗುಣ ಮರೆಯಾಗುತ್ತದೆ ಎಂದು ಅಪ್ಪ ಅದನ್ನು ತರಿಸಲು ಬಿಡಲಿಲ್ಲ.

ಕೆಫೆ ಮೈಸೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಗೆಂದು ಅದು ಕಡಿಮೆಯದೇನೂ ಅಲ್ಲ. 1936ರದು, ಈ ನಾಲ್ಕರಲ್ಲಿ ಹಿರಿಯದು; ಕಟ್ಟಿದವರು ಎ. ರಾಮ ನಾಯಕರು. ಮಾಟುಂಗಾದ ರಾಸಾಯನಿಕ ತಂತ್ರಜ್ಞಾನ ಕಾಲೇಜಿನಲ್ಲಿ ಓದಿದ ಮುಕೇಶ್ ಅಂಬಾನಿಯವರು ಇಲ್ಲಿನ ತಿಂಡಿಯನ್ನು ಮೆಚ್ಚಿ ಮಾತಾಡಿದ್ದರಿಂದ ಈಗ ಅದನ್ನೇ ಕೇಳಿಕೊಂಡು ಬರುವವರಿದ್ದಾರೆ. ನಮ್ಮ ನಾಲ್ಕು ಪರೀಕ್ಷೆಗಳಲ್ಲಿ ಅದು ಯಾವುದರಲ್ಲೂ ಮೊದಲು ಬರಲಿಲ್ಲ, ಯಾವುದರಲ್ಲೂ ಹಿಂದೆ ಬೀಳಲಿಲ್ಲ. ಮುಂಬಯಿಯ ಬೀದಿಗಳಲ್ಲಿ ಮೈಸೂರು ಮಸಾಲೆ ಎಂದರೆ ಬೆಣ್ಣೆ, ಬೀಟ್‌ರೂಟು, ಪಾವ್‌ಭಾಜಿ ಮಸಾಲೆ ಎಲ್ಲವನ್ನೂ ಕಾವಲಿಯ ಮೇಲೆಯೇ ಕುಟ್ಟಿ ದೋಸೆಗೆ ತುಂಬುತ್ತಾರೆ. ಮೈಸೂರಿನವರು ಅದನ್ನು ನೋಡಿ ನೊಂದುಕೊಳ್ಳುವುದನ್ನು ಕಂಡಿದ್ದೇನೆ. ಅಂಥವರನ್ನು ಇಲ್ಲಿಗೆ ಕರೆತಂದು, ಕೆಂಪು ಚಟ್ನಿ ಸವರಿದ ಸಾದಾ ದೋಸೆ ಕೊಡಿಸುತ್ತೇನೆ.

ಇನ್ನು ಇಡ್ಲಿ ಹೌಸ್. ಇದು ಕೂಡ ಕಿಂಗ್ಸ್ ಸರ್ಕಲ್ ಆಸುಪಾಸಿನಲ್ಲೇ ಇದೆ. ಚಿಕ್ಕ ಜಾಗ, ಹೆಚ್ಚಾಗಿ ಇಡ್ಲಿಯದೇ ಬಗೆಗಳು: ಕಾಂಚೀಪುರಂ, ಕರಿಮೆಣಸಿನದು, ಸೌತೆಕಾಯಿಯದು. ನಮಗೆ ಬೇಕಾಗಿದ್ದದ್ದು ಖೊಟ್ಟೆ. ಹಲಸಿನ ನಾಲ್ಕು ಎಲೆಗಳನ್ನು ಕಡ್ಡಿಯಿಂದ ಹೊಲಿದು ಲೋಟದಂತೆ ಮಾಡಿ, ಅದರಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವ ಕಡುಬು. ಕೊಂಕಣಿಗರು ಖೊಟ್ಟೆ ಎನ್ನುತ್ತಾರೆ, ನಾವು ಕೊಟ್ಟೆ ಕಡುಬು ಎನ್ನುತ್ತೇವೆ. ಕೇದಗೆ ಜಾತಿಯ ಮುಂಡಕದ ಎಲೆಯಲ್ಲಿ ಸುತ್ತಿದರೆ ಅದೇ ಮೂಡೆ. ಕೃಷ್ಣಾಷ್ಟಮಿ, ಚೌತಿಗೆ ಅಮ್ಮ ಹಿಂದಿನ ದಿನವೇ ಎಲೆ ಹೊಲಿಯಲು ಕೂರುತ್ತಿದ್ದಳು, ನಾನು ತೆಂಗಿನ ಕಡ್ಡಿಗಳನ್ನು ತುಂಡು ಮಾಡಿ ಕೊಡುತ್ತಿದ್ದೆ. ಮುಂಬಯಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಹಲಸಿನ ಎಲೆ ಎಲ್ಲಿಂದ ತರುವುದು, ಯಾರು ಹೊಲಿಯುವುದು? ಆ ಕೆಲಸವನ್ನು ಯಾರೋ ಪ್ರತಿದಿನ ಮಾಡುತ್ತಾರೆ, ನಾವು ಹೋಗಿ ಕುಳಿತರೆ ಸಾಕು ಎಂಬುದು ನನಗೆ ಈಗಲೂ ದೊಡ್ಡ ಸಂಗತಿ.

ಎಲೆ ಬಿಡಿಸಿದಾಗ ಅದರ ನರಗಳ ಗುರುತು ಇಡ್ಲಿಯ ಮೇಲೆ ಅಚ್ಚಾಗಿರುತ್ತದೆ. ಬಿಸಿ ಹಬೆಯಲ್ಲಿ ಹಲಸಿನೆಲೆಯ ವಾಸನೆ ಬರುತ್ತದೆ. ಅಪ್ಪ ಮೊದಲ ತುತ್ತಿಗೆ ಚಟ್ನಿ ಮುಟ್ಟಲಿಲ್ಲ, ಎರಡನೆಯದಕ್ಕೂ ಮುಟ್ಟಲಿಲ್ಲ. ಆಮೇಲೆ ಚಟ್ನಿ ನಾಲಿಗೆಗೆ ಹಚ್ಚಿಕೊಂಡು, "ಕಾಯಿ ಕಾಯಿಯಾಗಿಯೇ ಇದೆ" ಎಂದರು. ಹುರಿಗಡಲೆ ಸುರಿದು ತೆಂಗಿನಕಾಯಿ ಉಳಿಸುವ ಚಟ್ನಿ ಅವರಿಗೆ ಕಂಡರಾಗದು.

ಎರಡು ಹೋಟೆಲುಗಳ ನಡುವೆ ಹೊಟ್ಟೆಗೆ ಬಿಡುವು ಬೇಕಲ್ಲ, ಆಗ ನಡೆದೆವು. ನಿಲ್ದಾಣದ ಬಳಿಯ ಹೂವಿನ ಓಣಿಯಲ್ಲಿ ಮಲ್ಲಿಗೆಯನ್ನು ನಮ್ಮ ಕಡೆಯಂತೆ ಒತ್ತಾಗಿ ಕಟ್ಟಿ ಮಾರುತ್ತಾರೆ. ಅಲ್ಲಿಂದ ಆಸ್ತಿಕ ಸಮಾಜದ ದೇವಸ್ಥಾನ, ಮುಂದೆ ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್. 1926ರಿಂದ ಇಲ್ಲಿನ ಕನ್ನಡಿಗರನ್ನು ಒಂದುಗೂಡಿಸಿರುವ ಸಂಸ್ಥೆ ಅದು. 1896ರ ಪ್ಲೇಗಿನ ನಂತರ ನಗರದ ಇಕ್ಕಟ್ಟು ಕಡಿಮೆ ಮಾಡಲು ದಾದರ್, ಮಾಟುಂಗಾ, ವಡಾಲಾ, ಸಯನ್ ಭಾಗಗಳನ್ನು ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಯೋಜನೆ ಹಾಕಿ ಬೆಳೆಸಿತು. ಅಗಲ ರಸ್ತೆ, ಎರಡೂ ಬದಿ ಮರ, ಮೂರು ಮಹಡಿಯ ಕಟ್ಟಡಗಳು ಆ ಕಾಲದವು. ದಕ್ಷಿಣದಿಂದ ಕಚೇರಿ ಕೆಲಸಕ್ಕೆ ಬಂದವರು ಇಲ್ಲಿ ಮನೆ ಹಿಡಿದರು, ಅವರಿಗೆ ಊಟ ಹಾಕಲು ಉಡುಪಿಯ ಅಡುಗೆಯವರು ಬಂದರು. ಸಮಯವಿದ್ದರೆ ಪಾರ್ಸಿ ಕಾಲೊನಿಯ ಐದು ತೋಟಗಳವರೆಗೂ ಹೋಗಿ ಮರದಡಿ ಕುಳಿತು ಬನ್ನಿ. ಮಳೆಗಾಲದಲ್ಲಿ ಮಾತ್ರ ಜೋರು ಮಳೆಯ ದಿನ ಬೇಡ. ಕಿಂಗ್ಸ್ ಸರ್ಕಲಿನಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ.

ಕಾಫಿಯಲ್ಲಿ ನಮ್ಮಿಬ್ಬರಿಗೂ ಒಂದೇ ಅಭಿಪ್ರಾಯ: ಕೆಫೆ ಮದ್ರಾಸ್. ಡಿಕಾಕ್ಷನ್ ಗಟ್ಟಿ, ಸಕ್ಕರೆ ಮಿತ.

ಊಟಕ್ಕೆ ಬಂದರೆ ತಿಂಡಿಯಂತೆ ತೂಗಿ ನೋಡಲಿಲ್ಲ. ಒಂದು ಮಧ್ಯಾಹ್ನ ಬೇರೊಂದು ಕಡೆ ಪ್ರಯತ್ನಿಸಿದೆವು. ಸಾಂಬಾರಿಗೆ ಬೆಲ್ಲ ಸುರಿದು ಪಾಯಸ ಮಾಡಿದ್ದರು, ಅದರ ಹೆಸರು ಬೇಡ. ಮರುದಿನ ಎ. ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗಿಗೆ ಹೋದೆವು. ನಿಲ್ದಾಣದ ಪಕ್ಕದ ಮಾರುಕಟ್ಟೆ ಕಟ್ಟಡದ ಮೊದಲ ಮಹಡಿ, 1942ರಿಂದ ನಡೆಯುತ್ತಿದೆ, ಇಲ್ಲಿಯೂ ಸೋಮವಾರ ರಜೆ. ತಟ್ಟೆಯಲ್ಲಿ ಅಳತೆಯ ಊಟವಿದೆ, ಬಾಳೆ ಎಲೆಯಲ್ಲಿ ಬೇಕಾದಷ್ಟು ಬಡಿಸುವ ಊಟವೂ ಇದೆ. ಎಲೆಯನ್ನೇ ಆರಿಸಿ. ಬೆಲೆಯ ವ್ಯತ್ಯಾಸಕ್ಕಾಗಿ ತಟ್ಟೆಯಲ್ಲಿ ತಿಂದು ಬಂದವರು ಅರ್ಧವನ್ನಷ್ಟೇ ಕಂಡಿರುತ್ತಾರೆ. ಪಲ್ಯ, ಗಸಿ ಬಡಿಸಿ ಪೂರಿ ತಂದರು. ಅಪ್ಪ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಅನ್ನ ಬರಲಿ ಎಂದರು. ಬಡಿಸುವವರು ಕನ್ನಡದಲ್ಲಿಯೇ "ಯಾವ ಊರು?" ಎಂದು ಕೇಳಿದರು. ಊರಿನ ಹೆಸರು ಕೇಳಿದ ಮೇಲೆ ಸಾರಿನ ಬಕೆಟ್ಟು ನಮ್ಮ ಸಾಲಿಗೆ ಮೂರು ಸಲ ಬಂತು. ಅಪ್ಪ ಅನ್ನಕ್ಕೆ ಗುಳಿ ಮಾಡಿ ಸಾರು ಹಾಕಿಸಿಕೊಂಡು, ಸೋರಿ ಹೋಗದಂತೆ ಕೈಯಿಂದ ಕಟ್ಟೆ ಕಟ್ಟುತ್ತಿದ್ದರು. ತಟ್ಟೆಯಲ್ಲಿ ತಿನ್ನುವಾಗ ಆ ಕೈ ಹಾಗೆ ಆಡುವುದನ್ನು ನಾನು ನೋಡಿಲ್ಲ. ಮಜ್ಜಿಗೆ ಅನ್ನದವರೆಗೂ ನಾವಿಬ್ಬರೂ ಮಾತಾಡಲಿಲ್ಲ.

ತಿಂಡಿಯ ತೀರ್ಪಿನಲ್ಲಿ ಮಾತ್ರ ಒಮ್ಮತ ಬರಲಿಲ್ಲ. ನನ್ನದು ರಾಮ್ ಆಶ್ರಯ. ದಿನವೂ ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆದು, ಮೊದಲ ಗಿರಾಕಿಗೂ ಐನೂರನೆಯ ಗಿರಾಕಿಗೂ ಒಂದೇ ಹದದ ಇಡ್ಲಿ ಕೊಡುವುದು ನನಗೆ ಎಲ್ಲಕ್ಕಿಂತ ದೊಡ್ಡ ಗುಣ. ಹೊರಗಿನ ಸ್ನೇಹಿತರು ಬಂದರೆ ಕೆಫೆ ಮದ್ರಾಸಿಗೆ ಕರೆದೊಯ್ಯುತ್ತೇನೆ, ಅದು ಬೇರೆ ಮಾತು. ಅಪ್ಪನದು ಇಡ್ಲಿ ಹೌಸ್. ಉಳಿದ ಮೂರೂ ಕಡೆ ಹೋಟೆಲ್ ಇಡ್ಲಿ, ಇಲ್ಲಿ ಮನೆಯ ಇಡ್ಲಿ ಎಂಬುದು ಅವರ ವಾದ. ಖೊಟ್ಟೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡರೆ ನಿಮ್ಮದೇ ನಿಯಮ ಮುರಿದಂತಾಗುತ್ತದೆ, ಅದು ಆ ಹೋಟೆಲಿನ ಹೆಸರಾಂತ ತಿಂಡಿಯಲ್ಲವೇ ಎಂದೆ. "ಅಲ್ಲ ಮಗಳೇ, ಅದು ಎಲೆಯೊಳಗಿನ ಬರೀ ಇಡ್ಲಿ" ಎಂದರು.

ಹೊರಡುವ ದಿನ, ಮಧ್ಯಾಹ್ನದ ಮತ್ಸ್ಯಗಂಧಾ ರೈಲು ಹಿಡಿಯಲು ಕುರ್ಲಾಕ್ಕೆ ಹೋಗುವ ಮೊದಲು, ಅಪ್ಪ ಆರು ಖೊಟ್ಟೆ ಕಟ್ಟಿಸಿಕೊಂಡರು, ಚಟ್ನಿ ಬೇಡವೆಂದರು, ಅದು ಹಳಸುತ್ತದೆ. ರಾತ್ರಿ ರತ್ನಾಗಿರಿ ದಾಟಿದ ಮೇಲೆ ಫೋನು ಬಂತು. ಗಾಡಿಯ ಸದ್ದಿನ ನಡುವೆ, "ಈಗ ಎಲೆ ಬಿಚ್ಚಿದೆ. ಇನ್ನೂ ಮೆತ್ತಗಿದೆ. ಪಕ್ಕದವರಿಗೂ ಎರಡು ಕೊಟ್ಟೆ" ಎಂದರು.